ಗಿಟಾರ್ ಕಲಿಯುವವರಿಗೆ ಪಿಕ್ ಎಷ್ಟು ದಪ್ಪವಿರಬೇಕು?

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣರಲ್ಲಿ ಕೆಲವರು ಗಿಟಾರ್ ಕಲಿಯತೊಡಗಿದ್ದಾರೆ. ಕಾರಖಾನೆಯ ಪಾಳಿ ಮುಗಿಸಿಯೋ ಆಫೀಸಿನ ಲೆಕ್ಕ ಮುಚ್ಚಿಯೋ ಬಂದ ಮೇಲೆ ಉಳಿಯುವ ಒಂದು ಗಂಟೆಯನ್ನು ವಾದ್ಯಕ್ಕೆ ಕೊಡುವುದು ಸಣ್ಣ ಮಾತಲ್ಲ. ಆದರೆ ವಾದ್ಯಕ್ಕಾಗಿ ಸಂಬಳದ ದೊಡ್ಡ ಪಾಲನ್ನೇ ತೆತ್ತವರೂ ತಂತಿ ಮೀಟುವ ಪಿಕ್ಕಿನ ಬಗ್ಗೆ ವಿಚಾರಿಸುವುದಿಲ್ಲ. ಅಂಗಡಿಯವರು ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಬರುತ್ತಾರೆ. ಎರಡು ತಿಂಗಳಲ್ಲಿ ಮಣಿಕಟ್ಟು ನೋಯುತ್ತದೆ, ಗಿಟಾರ್ ಗೋಡೆಗೆ ಒರಗುತ್ತದೆ.

ಮೀಟುವ ಸಾಧನ ನಮಗೇನೂ ಹೊಸದಲ್ಲ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವಾಗ ನಡುವೆ ಸಿಗುವ ಮಿರಜ ಸಿತಾರ್ ತಂಬೂರಿಗಳಿಗೆ ಹೆಸರಾದ ಊರು; 2024ರಲ್ಲಿ ಅಲ್ಲಿಯ ಈ ಎರಡು ವಾದ್ಯಗಳಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಸಿತಾರ್ ನುಡಿಸುವವರು ಬಲಗೈ ತೋರುಬೆರಳಿಗೆ ತಂತಿಯಿಂದ ಮಾಡಿದ ಮಿಜರಾಬು ತೊಡುತ್ತಾರೆ. ಸರೋದಿನವರು ಹಿಡಿಯುವ ಜವಾ ಎಷ್ಟೋ ಸಲ ತೆಂಗಿನ ಕರಟದ್ದು. ಎರಡೂ ಗಡುಸು, ಬಾಗುವುದಿಲ್ಲ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕಾದಲ್ಲಿ ಗಡಸುತನವೇ ಬೇಕು.

ಗಿಟಾರಿನ ಕಲಿಕೆ ಸಾಮಾನ್ಯವಾಗಿ ಹಲವು ತಂತಿಗಳ ಮೇಲೆ ಒಮ್ಮೆಗೇ ಕೈಯಾಡಿಸುವುದರಿಂದ ಆರಂಭ. ಇಲ್ಲಿ ಒಂದು ಮಿಲಿಮೀಟರಿಗಿಂತ ದಪ್ಪದ ಪಿಕ್ ಹೊಸಬರ ಕೈಯಲ್ಲಿ ತಂತಿಗೆ ತಡೆಯುತ್ತದೆ. ತಡೆದೊಡನೆ ಅವರು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ನೋವಿನ ಮೂಲ ಅದೇ. ಹಾಗೆಂದು 0.5 ಮಿಲಿಮೀಟರಿನ ತೆಳುವಾದದ್ದೇ ಲೇಸೆನ್ನಲಾಗದು. ಅದು ತಂತಿಗಳ ಮೇಲೆ ಸಲೀಸಾಗಿ ಜಾರುತ್ತದೆ, ನಿಜ. ಆದರೆ ನಾವು ಹೆಚ್ಚು ಬಲ ಹಾಕಿದಷ್ಟೂ ತಾನೇ ಬಾಗಿ ಆ ಬಲವನ್ನು ನುಂಗಿಬಿಡುತ್ತದೆ. ಎಷ್ಟು ಬಲಕ್ಕೆ ಎಷ್ಟು ನಾದ ಎಂಬ ಲೆಕ್ಕ ಕೈಗೆ ತಿಳಿಯುವುದೇ ಇಲ್ಲ. ಮುಂದೆ ಒಂದೇ ತಂತಿಯಲ್ಲಿ ಹಾಡಿನ ಧಾಟಿ ನುಡಿಸಹೋದಾಗ ಸ್ವರ ಸೊರಗುತ್ತದೆ.

ಆದಕಾರಣ ಉಕ್ಕಿನ ತಂತಿಯ ಗಿಟಾರಿಗೆ 0.7ರ ಆಸುಪಾಸಿನಲ್ಲಿ ತೊಡಗುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ದಪ್ಪದ ಅಂಕಿ ಬಹುಮಟ್ಟಿಗೆ ಪಿಕ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಡನ್‌ಲಪ್ ಕಂಪನಿಯ ಟಾರ್ಟೆಕ್ಸ್ ಪಿಕ್ಕುಗಳಲ್ಲಿ ಕಿತ್ತಳೆ ಬಣ್ಣದ್ದು 0.60, ಹಳದಿ 0.73, ಹಸಿರು 0.88. ಬೇರೆ ಕಂಪನಿಗಳ ಬಣ್ಣ ಬೇರೆ, ಅಂಕಿಯನ್ನೇ ನೋಡಿ. ಈ ಮೂರನ್ನೂ ಒಂದೊಂದು ಕೊಂಡರೆ ನಾಲ್ಕಾರು ಚಹದ ಖರ್ಚಾದೀತು. ಒಂದೇ ಹಾಡನ್ನು ಮೂರರಲ್ಲೂ ನುಡಿಸಿ, ಮೊದಲು ಎಲ್ಲ ತಂತಿಗಳ ಮೇಲೆ, ಆಮೇಲೆ ಒಂದೇ ತಂತಿಯ ಮೇಲೆ. ಎರಡರಲ್ಲೂ ಕೈಗೆ ಆಯಾಸವಾಗದ್ದು ನಿಮ್ಮದು. ನೈಲಾನ್ ತಂತಿಯ ಗಿಟಾರ್ ಇದ್ದವರಿಗೆ ಈ ಚಿಂತೆಯಿಲ್ಲ, ಅದನ್ನು ಬೆರಳಿನಿಂದಲೇ ನುಡಿಸುವುದು ರೂಢಿ.

ಕಂದುಹಳದಿ ಮಚ್ಚೆಯ ಪಿಕ್ಕುಗಳನ್ನು ಕಂಡು ಆಮೆಚಿಪ್ಪೆಂದು ಭ್ರಮಿಸಬೇಡಿ. ಹಿಂದೆ ಕಡಲಾಮೆಯ ಚಿಪ್ಪಿನಿಂದ ಮಾಡುತ್ತಿದ್ದುದು ನಿಜ. ಆ ವ್ಯಾಪಾರ ಈಗ ನಿಷಿದ್ಧ. ಇವು ಸೆಲ್ಯುಲಾಯ್ಡಿನವು.

ಪಿಕ್ಕನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ, ತುದಿ ಮಾತ್ರ ಹೊರಗಿರುವಂತೆ, ಬಸ್ಸಿನ ಟಿಕೀಟು ಹಿಡಿದಷ್ಟೇ ಹಗುರವಾಗಿ ಹಿಡಿಯಿರಿ. ಒಂದೇ ಕೋಣೆಯಲ್ಲಿ ನಾಲ್ವರಿರುವ ನಮ್ಮವರಿಗೆ ಇನ್ನೊಂದು ಮಾತು: ಆ ಕಿತ್ತಳೆ ಬಣ್ಣದ್ದನ್ನು ಎಸೆಯಬೇಡಿ. ಬೆಳಗಿನ ಪಾಳಿಯವರು ಮಲಗಿದ ಮೇಲೆ ಮೆಲ್ಲಗೆ ಅಭ್ಯಾಸ ಮಾಡಲು ಅದೇ ಸರಿ.