ನಿಂಬೆ ಎಲೆಗೆ ರಂಗೋಲಿ ಇಟ್ಟವರು ಯಾರು?

ಮಳೆ ಹಿಡಿದ ಮೇಲೆ ಗ್ಯಾಲರಿಯ ಕುಂಡದಲ್ಲಿನ ನಿಂಬೆ ಗಿಡ ಚಿಗುರುತ್ತದೆ. ನೋಡನೋಡುತ್ತಿದ್ದಂತೆ ಎಳೆ ಎಲೆಗಳ ಮೇಲೆ ಬೆಳ್ಳಿ ದಾರ ಎಳೆದಂತೆ ಅಂಕುಡೊಂಕು ಗೆರೆಗಳು ಮೂಡಿ, ಎಲೆಯೇ ಮುದುಡಿಕೊಳ್ಳುತ್ತದೆ. ಡೊಂಬಿವಲಿಯಿರಲಿ, ದಹಿಸರ್ ಇರಲಿ, ನಿಂಬೆ ಗಿಡ ಸಾಕಿದವರಿಗೆ ಇದು ಪರಿಚಯದ ನೋಟ. ರೋಗ ಬಂತೆಂದು ಗಿಡವನ್ನೇ ಕಿತ್ತೆಸೆಯುವವರೂ ಇದ್ದಾರೆ. ಅವಸರ ಬೇಡ. ಅದು ರೋಗವಲ್ಲ, ಒಂದು ಪುಟಾಣಿ ಪತಂಗದ ಮರಿಯ ಕೆಲಸ.

ಊರಿನ ರೈತರು ಇಂಥದಕ್ಕೆ ರಂಗೋಲಿ ಹುಳು ಎನ್ನುತ್ತಾರೆ. ಇಲ್ಲಿಯ ಮರಾಠಿಯಲ್ಲಿ ನಾಗಅಳಿ. ಎರಡೂ ಹೆಸರು ಚೆನ್ನ! ವಿಜ್ಞಾನಿಗಳು ಕರೆಯುವುದು ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲಾ ಎಂದು. ಕಲ್ಕತ್ತಾದ ಮಾದರಿಗಳನ್ನು ನೋಡಿ ಸ್ಟೇಂಟನ್ ಎಂಬ ಇಂಗ್ಲಿಷ್ ಕೀಟತಜ್ಞ 1856ರಲ್ಲಿ ಇಟ್ಟ ಹೆಸರು. ನಮ್ಮ ಕಡೆಯ ಈ ಹುಳು 1993ರಲ್ಲಿ ಅಮೆರಿಕದ ಫ್ಲಾರಿಡಾಕ್ಕೂ ತಲುಪಿ ಅಲ್ಲಿಯ ಕಿತ್ತಳೆ ತೋಟಗಳನ್ನು ಹೊಕ್ಕಿತು.

ಪತಂಗವನ್ನು ಕಂಡವರು ಕಡಿಮೆ. ರೆಕ್ಕೆ ಬಿಚ್ಚಿದರೂ ಸುಮಾರು 4 ಮಿಲಿಮೀಟರ್. ಬೆಳ್ಳಿ ಬಿಳುಪಿನ ರೆಕ್ಕೆ, ಅದರ ಮೇಲೆ ಕಂದು ಗೀಟು, ತುದಿಗೊಂದು ಕಪ್ಪು ಚುಕ್ಕೆ. ಹಗಲೆಲ್ಲ ಅಡಗಿದ್ದು ಕತ್ತಲಾದ ಮೇಲೆ ಹಾರುತ್ತದೆ. ಹೆಣ್ಣು ಎಳೆ ಎಲೆಗೆ, ಹೆಚ್ಚಾಗಿ ಅಡಿಭಾಗಕ್ಕೆ, ನೀರ ಹನಿಯಂಥ ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸುತ್ತದೆ.

ಮರಿ ಹೊರಗೆ ತಲೆಯೇ ಹಾಕುವುದಿಲ್ಲ. ಮೊಟ್ಟೆಯಿಂದ ನೇರವಾಗಿ ಎಲೆಯ ತೆಳು ಸಿಪ್ಪೆಯ ಕೆಳಗೆ ನುಗ್ಗಿ, ಅಲ್ಲಿಯ ರಸ ಕುಡಿಯುತ್ತ ಮುಂದೆ ಸಾಗುತ್ತದೆ. ಸಿಪ್ಪೆ ಬಿಟ್ಟುಕೊಂಡು ಒಳಗೆ ಗಾಳಿ ತುಂಬುವುದರಿಂದಲೇ ಆ ಬೆಳ್ಳಿ ಹೊಳಪು. ಗೆರೆಯ ನಡುವಿನ ಕಪ್ಪು ಎಳೆ ಅದರ ಹಿಕ್ಕೆ. ಮರಿ ಬೆಳೆದಂತೆ ಸುರಂಗವೂ ಅಗಲವಾಗುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಅಗಲವಾದ ತುದಿಯಲ್ಲಿ ಹಳದಿ ಮಿಶ್ರಿತ ಹಸಿರು ಮರಿ ಕಾಣಬಹುದು, ಮಕ್ಕಳಿಗೆ ತೋರಿಸಿ. ಕೊನೆಗೆ ಅದು ಎಲೆಯಂಚಿಗೆ ಬಂದು, ರೇಷ್ಮೆಯೆಳೆಯಿಂದ ಅಂಚನ್ನು ಮಡಿಚಿ, ಆ ಮಡಿಕೆಯಲ್ಲೇ ಕೋಶವಾಗುತ್ತದೆ. ಸೆಕೆಯಿದ್ದರೆ ಎರಡು ವಾರದಲ್ಲಿ ಒಂದು ತಲೆಮಾರು ಮುಗಿಯುತ್ತದೆ, ಚಳಿಯಲ್ಲಿ ಏಳು ವಾರವೂ ಹಿಡಿದೀತು. ಮುಂಬಯಿಯಲ್ಲಿ ಚಳಿ ಎಲ್ಲಿದೆ ಹೇಳಿ!

ಔಷಧಿ ಹೊಡೆಯಬೇಕೇ? ಮನೆಯ ಒಂದೆರಡು ಕುಂಡಗಳಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಮರಿ ಸಿಪ್ಪೆಯೊಳಗೆ ಸುರಕ್ಷಿತ. ಮೇಲೆ ಸಿಂಪಡಿಸಿದ ವಿಷಕ್ಕೆ ಸಾಯುವುದು ಆ ಮರಿಯನ್ನೇ ತಿಂದು ಬೆಳೆಯುವ ಸಣ್ಣ ಕಣಜಗಳು. ಬಲಿತ ಎಲೆಗಳ ಗೊಡವೆಗೆ ಈ ಹುಳು ಹೋಗುವುದಿಲ್ಲ, ಹಾಗಾಗಿ ಬೆಳೆದ ಗಿಡ ತಡೆದುಕೊಳ್ಳುತ್ತದೆ. ಗೆರೆ ಬಿದ್ದ ಎಲೆಗಳನ್ನೆಲ್ಲ ಕೀಳಬೇಡಿ, ಅವುಗಳ ಹಸಿರು ಭಾಗ ಗಿಡಕ್ಕೆ ಇನ್ನೂ ಅನ್ನ ಬೇಯಿಸುತ್ತಿರುತ್ತದೆ. ಯೂರಿಯಾ ಸುರಿದು ಪದೇ ಪದೇ ಚಿಗುರಿಸಲೂ ಹೋಗಬೇಡಿ.

ಎಚ್ಚರ ಬೇಕಾದದ್ದು ಕಜ್ಜಿ ರೋಗದ ಬಗ್ಗೆ. ಹುಳು ಮಾಡಿದ ಗಾಯದಲ್ಲಿ ಮಳೆಗಾಲದಲ್ಲಿ ಇದರ ಬ್ಯಾಕ್ಟೀರಿಯಾ ಸುಲಭವಾಗಿ ಸೇರಿಕೊಳ್ಳುತ್ತದೆ. ಹಳದಿ ಸುತ್ತುಗಟ್ಟಿದ, ಮುಟ್ಟಿದರೆ ಒರಟಾದ ಕಂದು ಚುಕ್ಕೆಗಳು ಕಂಡರೆ ಅಂಥ ಎಲೆಗಳನ್ನು, ಮಳೆನೀರು ಆರಿರುವ ಹೊತ್ತು ನೋಡಿ, ಕತ್ತರಿಸಿ ಕಸದ ಡಬ್ಬಿಗೆ ಹಾಕಿ. ಕುಂಡದ ಮಣ್ಣಿಗೆ ಮಾತ್ರ ಬೀಳಿಸಬೇಡಿ.