ಎರೆಹೊಲದ ಮೇಲೆ ಹಾರುವ ವಿಮಾನಕ್ಕೆ ಬಿಳಿ ಅಂಚು ಯಾಕೆ?

ಅಣ್ಣಿಗೇರಿ, ನವಲಗುಂದ, ಕುಂದಗೋಳದ ಬಯಲಲ್ಲಿ ನಿಂತು ವಿಮಾನದ ಫೋಟೊ ತೆಗೆಯುವವರಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಅನುಕೂಲ ಆಕಾಶದ್ದು. ಗಿಡ-ಗುಡ್ಡದ ಅಡ್ಡಿಯಿಲ್ಲ, ಬದುವಿನ ಮೇಲೆ ನಿಂತರೆ ನಾಲ್ಕೂ ದಿಕ್ಕು ಕಾಣುತ್ತದೆ. 2017ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಬಂದ ಮೇಲೆ ಮೇಲಿನ ಓಡಾಟವೂ ಹೆಚ್ಚಿದೆ. ನಕಾಶೆಯಲ್ಲಿ ಅಲ್ಲಿಯ ರನ್‌ವೇಯ ಗೆರೆಯನ್ನು ಪೂರ್ವಕ್ಕೆ ಎಳೆಯುತ್ತ ಹೋದರೆ ಅದು ಅಣ್ಣಿಗೇರಿಯ ಹತ್ತಿರ ಹಾಯುತ್ತದೆ.

ತೊಡಕು ನೆಲದ್ದು. ಎರೆಮಣ್ಣು ತನ್ನ ಮೇಲೆ ಬಿದ್ದ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಮರಳು, ಕಾಂಕ್ರೀಟು, ಒಣಹುಲ್ಲು ಇರುವಲ್ಲಿ ನೆಲದ ಬೆಳಕು ಮೇಲಕ್ಕೆ ಚಿಮ್ಮಿ ವಿಮಾನದ ಹೊಟ್ಟೆಯನ್ನು ಅಷ್ಟಿಷ್ಟು ಬೆಳಗುತ್ತದೆ. ಹರಗಿ ಬಿಟ್ಟ ಕರಿ ಹೊಲದ ಮೇಲೆ ನಡು ಮಧ್ಯಾಹ್ನ ಹಾದುಹೋಗುವ ವಿಮಾನದ ಬೆನ್ನು ಬೆಳ್ಳಗೆ ಹೊಳೆಯುತ್ತಿದ್ದರೆ ಹೊಟ್ಟೆ ಮಾತ್ರ ಕರ್ರಗೆ. ಫೋಟೊ ಕೆಡುವುದು ಇಲ್ಲಿಂದ ಶುರು.

ಮನೆಗೆ ಬಂದು ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶ ತೆರೆದವರ ಕೈ ಮೊದಲು ಹೋಗುವುದು ನೆರಳನ್ನು ಬೆಳಗಿಸುವ ಶ್ಯಾಡೋಸ್ ಸ್ಲೈಡರ್‌ಗೆ. ಅದನ್ನು ಪೂರ್ತಿ ಬಲಕ್ಕೆ ಎಳೆದರೆ ಹೊಟ್ಟೆ ಕಾಣುತ್ತದೆ, ಚಕ್ರದ ಬಾಗಿಲೂ ಕಾಣುತ್ತದೆ. ಅದರ ಬೆನ್ನಿಗೇ ರೆಕ್ಕೆಯ ಗುಂಟ ಆಕಾಶದಲ್ಲಿ ಮಸುಕಾದ ಬಿಳಿ ಪಟ್ಟಿಯೂ ಮೂಡುತ್ತದೆ. ಇದೇ ಹೇಲೋ. ಈ ಸ್ಲೈಡರ್‌ಗೆ ವಿಮಾನ ಯಾವುದು, ಬಾನು ಯಾವುದು ಎಂಬುದು ಗೊತ್ತಿರುವುದಿಲ್ಲ. ಒಂದು ಚುಕ್ಕೆ ನೆರಳಿನಲ್ಲಿದೆಯೇ ಎಂದು ತೀರ್ಮಾನಿಸಲು ಅದು ಸುತ್ತಲಿನ ಚುಕ್ಕೆಗಳ ಸರಾಸರಿ ನೋಡುತ್ತದೆ. ಅಂಚಿಗೆ ಅಂಟಿದ ಆಕಾಶದ ಸರಾಸರಿಯಲ್ಲಿ ಕರಿ ಹೊಟ್ಟೆಯ ಪಾಲೂ ಸೇರುವುದರಿಂದ ಆ ಆಕಾಶವನ್ನೂ ನೆರಳೆಂದೇ ಎಣಿಸಿ ಬೆಳಗಿಸುತ್ತದೆ. ಅಂಚುಗಳನ್ನು ಎತ್ತಿ ತೋರಿಸುವ ಕ್ಲ್ಯಾರಿಟಿ ಸ್ಲೈಡರ್ ಅನ್ನು ಜಾಸ್ತಿ ಏರಿಸಿದರೂ ಇದೇ ಗತಿ. ಮಸುಕು ತೆಗೆಯುವ ಡಿಹೇಜ್ ಇನ್ನೂ ಒಂದು ಕೈ ಮೇಲು.

ನಮ್ಮ ಊರುಗಳಲ್ಲಿ ಈ ಪಟ್ಟಿ ಕಂಡರೂ ಯಾರೂ ಹುಬ್ಬೇರಿಸುವುದಿಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ತೂಗುಹಾಕಿದ ಹುಟ್ಟುಹಬ್ಬದ ಫ್ಲೆಕ್ಸ್‌ಗಳಲ್ಲಿ ಪ್ರತಿ ಮುಖಂಡರ ಸುತ್ತಲೂ ದಪ್ಪನೆಯ ಬಿಳಿ ಅಂಚು ಬಳಿದಿರುತ್ತಾರಲ್ಲ, ಅದನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗಿದೆ. ಫ್ಲೆಕ್ಸಿಗೆ ಅದು ಬೇಕಾಗಬಹುದು. ವಿಮಾನಕ್ಕೆ ಬಂದರೆ ಬೇರೆ ಚಿತ್ರದಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಜೆಟ್‌ಫೋಟೋಸ್‌ನಂಥ ವಿಮಾನಚಿತ್ರ ಸಂಗ್ರಹಗಳು ಇಂಥ ಚಿತ್ರವನ್ನು ಒಪ್ಪದೆ ತಿರುಗಿಸಿ ಕಳಿಸುತ್ತವೆ.

ಪರೀಕ್ಷಿಸಲು ಬರೀ ಕಣ್ಣನ್ನು ನಂಬುವಂತಿಲ್ಲ. ಕತ್ತಲೆ-ಬೆಳಕು ಕೂಡುವ ಅಂಚಿನಲ್ಲಿ ನಿಜಕ್ಕೂ ಇಲ್ಲದ ಪಟ್ಟಿಯನ್ನೂ ಕಣ್ಣು ಕಾಣುತ್ತದೆ. ಇದನ್ನು 1865ರಲ್ಲಿ ವಿವರಿಸಿದವನು ಅರ್ನ್ಸ್ಟ್ ಮ್ಯಾಕ್. ಜೆಟ್ ವಿಮಾನಗಳ ವೇಗ ಹೇಳುವಾಗ ಬರುವ ಮ್ಯಾಕ್ ಸಂಖ್ಯೆಗೂ ಇವನದೇ ಹೆಸರು. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡಿನ ಸುತ್ತ ಏಳುವ ಗಾಳಿಯ ಅಲೆಯ ಫೋಟೊಗಳನ್ನು ಪೀಟರ್ ಸಾಲ್ಚರ್ ಜೊತೆಗೂಡಿ 1887ರಲ್ಲಿ ಪ್ರಕಟಿಸಿದವನೂ ಇವನೇ. ವಿಮಾನದ ಫೋಟೊ ಹವ್ಯಾಸಿಗಳು ಇವನನ್ನು ಎರಡೆರಡು ಸಲ ನೆನೆಯಬೇಕು! ಕಣ್ಣು ಹೀಗೆ ಮೋಸಹೋಗುವುದರಿಂದ ಫೋಟೋಶಾಪ್‌ನಲ್ಲಿ ಚಿತ್ರದ ಒಂದು ಪ್ರತಿ ಮಾಡಿಕೊಂಡು ಅದಕ್ಕೆ ಬೆಳಕಿನ ಸಣ್ಣ ವ್ಯತ್ಯಾಸಗಳನ್ನೂ ಹಿಗ್ಗಿಸಿ ತೋರಿಸುವ ಈಕ್ವಲೈಸ್ ಕೊಟ್ಟು ನೋಡಬೇಕು. ಆಕಾಶ ವಿಕಾರವಾಗಿ ಕಾಣುತ್ತದೆ, ಕಾಣಲಿ. ಅಡಗಿದ್ದ ಬಿಳಿ ಅಂಚು, ಸೆನ್ಸರ್ ಮೇಲಿನ ಧೂಳು ಎಲ್ಲವೂ ಎದ್ದು ತೋರುತ್ತವೆ. ಆಮೇಲೆ ಆ ಪ್ರತಿಯನ್ನು ಅಳಿಸಿದರಾಯಿತು.

ಪರಿಹಾರ ಮಾತ್ರ ಕಂಪ್ಯೂಟರಿಗಿಂತ ಮೊದಲು ಹೊಲದಲ್ಲೇ ಸಿಗುತ್ತದೆ. ಬಿಸಿಲು ಏರಿದ ಮೇಲೆ ಕಾದ ಎರೆಮಣ್ಣಿನಿಂದ ಝಳ ಎದ್ದು ದೂರದ ವಿಮಾನದ ಕಿಟಕಿಗಳೆಲ್ಲ ನೀರಲ್ಲಿ ಅಲುಗಿದಂತೆ ಕದಡುತ್ತವೆ. ಆ ಕದಡನ್ನು ಶಾರ್ಪನಿಂಗ್ ತಿದ್ದುವುದಿಲ್ಲ, ಕದಡಿದ ಅಂಚಿಗೆ ಒಂದು ಗೆರೆ ಬರೆಯುತ್ತದೆ, ಅಷ್ಟೆ. ಬೆಳಿಗ್ಗೆ ಸೂರ್ಯ ಇನ್ನೂ ಕೆಳಗಿರುವಾಗ ಝಳವೂ ಇಲ್ಲ, ಬೆಳಕು ಓರೆಯಾಗಿ ಹೊಟ್ಟೆಯ ಮೇಲೇ ಬೀಳುತ್ತದೆ. ಬಿಳಿಜೋಳ ಕೊಯ್ದು ಕೂಳೆ ಉಳಿದ ಹೊಲಗಳ ಮೇಲಾದರೆ ಇನ್ನೂ ಒಳ್ಳೆಯದು, ಒಣ ಕೂಳೆ ಕರಿಮಣ್ಣಿಗಿಂತ ಹೆಚ್ಚು ಬೆಳಕನ್ನು ಮೇಲಕ್ಕೆ ಕಳಿಸುತ್ತದೆ. ಬಿಳಿ ಮೋಡ ಹಿಂದಿದ್ದರೆ ಎಕ್ಸ್‌ಪೋಷರ್ ಅನ್ನು ಮೂರನೇ ಎರಡು ಸ್ಟಾಪ್‌ನಷ್ಟು ಏರಿಸಿ ರಾ ಫೈಲಿನಲ್ಲಿ ತೆಗೆದರೆ ಆಮೇಲೆ ನೆರಳನ್ನು ಎತ್ತುವ ಕೆಲಸವೇ ಅರ್ಧ ಉಳಿಯುತ್ತದೆ. ಅಷ್ಟಾಗಿಯೂ ಎತ್ತಲೇಬೇಕಿದ್ದರೆ ಹೊಟ್ಟೆಯ ಮೇಲಷ್ಟೇ ಬ್ರಷ್ ಆಡಿಸಿ, ಅಂಚಿನ ಒಳಗೇ ನಿಲ್ಲಿಸಬೇಕು. ಶಾರ್ಪನಿಂಗ್ ರೇಡಿಯಸ್ ಅರ್ಧ ಪಿಕ್ಸೆಲ್ಲಿನ ಆಸುಪಾಸು ಸಾಕು, ಅದೂ ಚಿತ್ರವನ್ನು ಬೇಕಾದ ಅಳತೆಗೆ ಇಳಿಸಿದ ಮೇಲೆ.

ಎಲ್ಲಕ್ಕಿಂತ ಕಾಡುವುದು ಪ್ರೊಪೆಲ್ಲರ್. ಹುಬ್ಬಳ್ಳಿಗೆ ಬರುವ ಎಟಿಆರ್ 72-600 ವಿಮಾನದ ಪ್ರತಿ ಪ್ರೊಪೆಲ್ಲರ್‌ಗೆ ಆರು ಅಲಗು. ಟೇಕಾಫ್ ಆಗುವಾಗ ಅದು ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. 1/1000 ಸೆಕೆಂಡಿನ ಶಟರ್‌ನಲ್ಲಿ ಅಲಗು ತಿರುಗುವುದು ಬರೀ 7 ಡಿಗ್ರಿ, ಎಂಜಿನ್ ಕೆಟ್ಟು ನಿಂತಂತೆ ಕಾಣುತ್ತದೆ. 1/125ಕ್ಕೆ ಇಳಿಸಿದರೆ 58 ಡಿಗ್ರಿಯಷ್ಟು ತಿರುಗುತ್ತದೆ. ಅಲಗಿನಿಂದ ಅಲಗಿಗೆ ಇರುವ ಅಂತರವೇ 60 ಡಿಗ್ರಿ, ಆದ್ದರಿಂದ ತುಂಬಿದ ತೆಳು ಚಕ್ರ ಸಿಗುತ್ತದೆ. ಬಹಳ ಚೆಂದ. ಆದರೆ ಆ ಚಕ್ರದೊಳಗಿನಿಂದ ಆಕಾಶವೂ ಇಣುಕುತ್ತಿರುತ್ತದೆ. ಆಕಾಶವನ್ನಷ್ಟೇ ಆಯ್ದುಕೊಳ್ಳುವ ‘ಸೆಲೆಕ್ಟ್ ಸ್ಕೈ’ ಒತ್ತಿದರೆ ಸಾಫ್ಟ್‌ವೇರ್ ಚಕ್ರವನ್ನು ಒಂದು ಕಡೆ ಆಕಾಶ ಅನ್ನುತ್ತದೆ, ಇನ್ನೊಂದು ಕಡೆ ವಿಮಾನ ಅನ್ನುತ್ತದೆ. ಆಕಾಶಕ್ಕೆ ಮಾತ್ರ ನೀಲಿ ಏರಿಸಿದಿರೋ, ಚಕ್ರದಲ್ಲಿ ತೇಪೆ ಬೀಳುತ್ತದೆ. ಆಕಾಶದ ನಾಯ್ಸ್ ತೆಗೆದಿರೋ, ಚಕ್ರದ ಸುತ್ತ ಒರಟು ಕಣಗಳ ಉಂಗುರ ಉಳಿಯುತ್ತದೆ. ಎಟಿಆರ್ ಚಿತ್ರವಾದರೆ ಆಕಾಶದ ಬಣ್ಣಕ್ಕೆ ಕೈ ಹಾಕದಿರುವುದೇ ವಾಸಿ.

ಕಲಘಟಗಿ ಕಡೆ ಹೋದರೆ ಲೆಕ್ಕ ತಿರುವುಮುರುವು. ಅರೆಮಲೆನಾಡಿನ ಹಸಿರು ಗುಡ್ಡ ಹಿಂದೆ ಬಂದರೆ ವಿಮಾನ ಬೆಳ್ಳಗೆ, ಹಿನ್ನೆಲೆ ಕಪ್ಪು. ಆಗ ಕ್ಲ್ಯಾರಿಟಿ ಏರಿಸಿದರೆ ವಿಮಾನದ ಸುತ್ತ ಬರುವುದು ಕರಿ ನೆರಳಿನ ಪಟ್ಟಿ. ಗಿಡಗಳ ಗೊಂದಲದಲ್ಲಿ ಅದು ಬೇಗ ಕಣ್ಣಿಗೆ ಬೀಳದು, ಅಷ್ಟೇ ವ್ಯತ್ಯಾಸ.

ಇನ್ನು, ಎಲ್ಲ ಸರಿಯಾಗಿ ಮಾಡಿ ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೂ ‘ಗೆರಿ ಕಾಣಾಕತ್ತೈತಲ್ರಿ’ ಎಂಬ ಉತ್ತರ ಬರುವುದುಂಟು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ವಾಟ್ಸಾಪ್ ಮಾಡುವಂತೆ ಜಾಸ್ತಿ ಕುಗ್ಗಿಸಿದಾಗ ರೆಕ್ಕೆ, ಬಾಲದಂಥ ಚೂಪು ಅಂಚುಗಳ ಪಕ್ಕ ಸಣ್ಣ ಅಲೆಗಳು ಏಳುತ್ತವೆ. ಅದು ಎಡಿಟಿಂಗ್ ತಪ್ಪಲ್ಲ. ಅದೇ ಫೈಲನ್ನು ಡಾಕ್ಯುಮೆಂಟ್ ಆಗಿ ಇನ್ನೊಮ್ಮೆ ಕಳಿಸಿ.