ನೀರು ಇಳಿಯಿತು, ಬೂಸ್ಟು ಏರಿತು
ಸೂರತ್‌ನ ಮಳೆಗಾಲದಲ್ಲಿ ಮನೆ, ಮಕ್ಕಳ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ?

ಸೂರತ್: ಹೊಟ್ಟೆಪಾಡಿಗಾಗಿ ಊರು ಬಿಟ್ಟು ಗುಜರಾತಿಗೆ ಬಂದ ತುಳು-ಕನ್ನಡಿಗರಿಗೆ ಮಳೆ ಹೊಸದಲ್ಲ. ಆಟಿಯ ಮಳೆ ಕಂಡವರಿಗೆ ಇಲ್ಲಿನ ಮಳೆ ಏನು ಮಹಾ ಎಂಬ ಮಾತೂ ಉಂಟು. ಆದರೆ ಊರಿನ ನೀರು ತೋಟಕ್ಕೆ, ತೋಡಿಗೆ ಹರಿದು ಹೋಗುತ್ತದೆ. ಇಲ್ಲಿನ ನೀರು ಮನೆಯೊಳಗೆ ಬಂದು ಕುಳಿತುಕೊಳ್ಳುತ್ತದೆ.

2006ರ ಆಗಸ್ಟ್ ತಿಂಗಳನ್ನು ಸೂರತ್ ಮರೆಯಲಾರದು. ಉಕಾಯಿ ಅಣೆಕಟ್ಟಿನಿಂದ ಒಂಬತ್ತು ಲಕ್ಷ ಕ್ಯುಸೆಕ್ಸ್ ಆಸುಪಾಸಿನ ನೀರು ಹರಿದು ಬಂದಾಗ ತಾಪಿ ನದಿ ನಗರದ ಬಹುಭಾಗವನ್ನು ಮುಳುಗಿಸಿತ್ತು. ಪಾಂಡೇಸರಾ, ಉಧನಾ, ಲಿಂಬಾಯತ್ ಕಡೆಯವರಿಗೆ ತಾಪಿಗಿಂತ ಖಾಡಿಗಳದ್ದೇ ಹೆಚ್ಚು ಚಿಂತೆ. 2024ರ ಜುಲೈ ಮತ್ತು 2025ರ ಜೂನ್‌ನಲ್ಲಿ ಖಾಡಿಗಳು ಉಕ್ಕಿ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ವಡೋದರಾದ ಬಂಧುಗಳು 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿಯ ನೆರೆಯಿಂದ ಪಟ್ಟ ಪಾಡೂ ಇಂಥದೇ.

ನೀರು ಇಳಿದ ದಿನ ಕೆಸರು ಎತ್ತಿ, ನೆಲ ತೊಳೆದು ನಿಟ್ಟುಸಿರು ಬಿಡುತ್ತೇವೆ. ನಿಜವಾದ ತೊಂದರೆ ಆಮೇಲೆ ಶುರುವಾಗುತ್ತದೆ. ಮೊದಲು ಗೋಡೆಯ ಬುಡದಲ್ಲಿ ಹಸಿರು, ಕಪ್ಪು ಚುಕ್ಕೆಗಳು. ಬಳಿಕ ಕಪಾಟು ತೆರೆದರೆ ಮುಗ್ಗಲು ವಾಸನೆ. ನಾವು ಬೂಸ್ಟು ಎನ್ನುವ ಇದನ್ನು ನೆರೆಮನೆಯ ಗುಜರಾತಿ ಬಾಂಧವರು ‘ಫೂಗ್’ ಎನ್ನುತ್ತಾರೆ. ಇದರ ಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಒದ್ದೆ ಸಿಕ್ಕಿದಲ್ಲಿ ಬೇರೂರುತ್ತವೆ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಸ್ಟು ಬಂತೆಂದೇ ತಿಳಿಯಬೇಕು.

ಪಾಂಡೇಸರಾದಂತಹ ಕಾರ್ಮಿಕ ಬಡಾವಣೆಯಲ್ಲಿ ಇದು ಇನ್ನೂ ಕಷ್ಟ. ಜಿಐಡಿಸಿಯ ಡೈಯಿಂಗ್-ಪ್ರಿಂಟಿಂಗ್ ಮಿಲ್ಲುಗಳ ಸುತ್ತ ಒತ್ತಾಗಿ ಎದ್ದ ಮನೆಗಳಲ್ಲಿ ಒಂದೇ ಕೋಣೆ, ಒಂದೇ ಕಿಟಕಿ ಇರುವುದು ಸಾಮಾನ್ಯ. ಅಡುಗೆ, ಬಟ್ಟೆ ಒಣಗಿಸುವುದು, ಮಲಗುವುದು ಎಲ್ಲವೂ ಅಲ್ಲೇ. ಬಾಡಿಗೆ ಮನೆಯಾದರೆ ಗೋಡೆ ರಿಪೇರಿ ಮಾಡಿಸುವವರು ಯಾರು ಎಂಬ ಜಗಳ ಬೇರೆ.

ಆರೋಗ್ಯದ ಮಾತು

ಬೂಸ್ಟಿನಿಂದ ಎಲ್ಲರಿಗೂ ಒಂದೇ ತೆರನ ತೊಂದರೆಯಾಗುವುದಿಲ್ಲ. ಕೆಲವರಿಗೆ ಸೀನು, ಕಣ್ಣು ತುರಿಕೆಯಲ್ಲೇ ಮುಗಿಯುತ್ತದೆ. ಅಸ್ತಮಾ ಇರುವ ಮಕ್ಕಳಿಗೆ ರಾತ್ರಿ ಉಬ್ಬಸ ಹೆಚ್ಚುತ್ತದೆ. ಮಗುವಿನ ಕೆಮ್ಮು ಔಷಧಕ್ಕೆ ಬಗ್ಗದಿದ್ದರೆ, ಊರಿಗೆ ಹೋದಾಗ ಕಡಿಮೆಯಾಗಿ ಮರಳಿ ಬಂದೊಡನೆ ಶುರುವಾದರೆ, ಮಂಚದ ಹಿಂದಿನ ಗೋಡೆಯನ್ನೊಮ್ಮೆ ನೋಡಿ. ವೈದ್ಯರಿಗೂ ಈ ವಿಷಯ ತಿಳಿಸಿ.

2021ರ ಮೇ ತಿಂಗಳಲ್ಲಿ ಗುಜರಾತ್ ಸರಕಾರ ಸಾಂಕ್ರಾಮಿಕವೆಂದು ಘೋಷಿಸಿದ ‘ಕಪ್ಪು ಶಿಲೀಂಧ್ರ’ ರೋಗವೇ ಗೋಡೆಯ ಕಪ್ಪು ಬೂಸ್ಟು ಎಂದು ಹೆದರಿದವರಿದ್ದಾರೆ. ಅವೆರಡೂ ಬೇರೆ ಬೇರೆ. ಆದರೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಬೂಸ್ಟು ತಿಕ್ಕುವ ಕೆಲಸಕ್ಕೆ ಇಳಿಯಬಾರದು. ನೆರೆಯ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡುವುದೂ ಬೇಡ. ದಕ್ಷಿಣ ಗುಜರಾತಿನಲ್ಲಿ ಇಲಿಜ್ವರ ಪ್ರತಿ ಮಳೆಗಾಲದ ಭೀತಿ.

ಮೊದಲು ಏನು ಮಾಡಬೇಕು?

ಮೇನ್ ಸ್ವಿಚ್ ಬಂದ್ ಮಾಡಿಯೇ ಒಳಗೆ ಕಾಲಿಡಬೇಕು. ವಿಮೆ ಇದ್ದರೆ, ಬಾಡಿಗೆ ಮನೆಯಾದರೆ, ಸ್ವಚ್ಛ ಮಾಡುವ ಮೊದಲು ಹಾನಿಯ ಫೋಟೋ ತೆಗೆದಿಡಿ. ನೆನೆದ ಹತ್ತಿ ಹಾಸಿಗೆ, ದಿಂಬು, ಉಬ್ಬಿದ ಪ್ಲೈವುಡ್ ಕಪಾಟುಗಳನ್ನು ಮನಸ್ಸು ಗಟ್ಟಿ ಮಾಡಿ ಹೊರಗೆ ಹಾಕುವುದೇ ಲೇಸು. ಸ್ಟೀಲು, ಗಾಜು, ಪ್ಲಾಸ್ಟಿಕ್ ತೊಳೆದರೆ ಸಾಕು.

ಗೋಡೆಯ ಬೂಸ್ಟನ್ನು ಒಣಗಿದ್ದಾಗ ಕೆರೆದರೆ ಕಣಗಳು ಮನೆಯೆಲ್ಲ ಹಾರುತ್ತವೆ. ಒದ್ದೆ ಮಾಡಿ, ಸೋಪಿನ ಪುಡಿ ಬೆರೆಸಿದ ನೀರಿನಿಂದ ತಿಕ್ಕಬೇಕು. ಎನ್-95 ಮಾಸ್ಕ್, ರಬ್ಬರ್ ಕೈಗವಸು, ಕನ್ನಡಕ ಇರಲಿ. ಟೈಲ್ಸ್‌ನಂತಹ ಗಟ್ಟಿ ಮೇಲ್ಮೈಗೆ ಬ್ಲೀಚ್ ದ್ರವ ಬಳಸುವುದಾದರೆ ನಾಲ್ಕು ಲೀಟರ್ ನೀರಿಗೆ ಒಂದು ಕಪ್ ಮೀರಬಾರದು, ಕಿಟಕಿ ತೆರೆದಿರಬೇಕು. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ಏಳುವ ವಿಷಾನಿಲ ಜೀವಕ್ಕೇ ಅಪಾಯ.

ಊರಿನ ಜಾಗದ ಕಾಗದ, ಮಕ್ಕಳ ಸರ್ಟಿಫಿಕೇಟ್, ಮದುವೆಯ ಫೋಟೋ ನೆನೆದಿದ್ದರೆ ಬಿಸಿಲಿಗೆ ಹಾಕಬೇಡಿ, ಎಳೆದು ಬಿಡಿಸಬೇಡಿ. ನೆರಳಲ್ಲಿ ಫ್ಯಾನಿನ ಗಾಳಿಗೆ ಹರಡಿ. ಕಾಗದಪತ್ರ ತುಂಬ ಇದ್ದು ತಕ್ಷಣ ಸಾಧ್ಯವಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿನಲ್ಲಿಡಿ, ಬೂಸ್ಟು ಬೆಳೆಯದು. ಬಳಿಕ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು.

ಬಣ್ಣ ಬಳಿದರೆ ಸಾಲದು

ಹಬ್ಬ ಬಂತೆಂದು ಒದ್ದೆ ಗೋಡೆಗೆ ಬಣ್ಣ ಬಳಿಯುವುದು ನಮ್ಮಲ್ಲಿ ಕಂಡುಬರುವ ದೊಡ್ಡ ತಪ್ಪು. ಇಟ್ಟಿಗೆ ಗೋಡೆ ಒಳಗಿನಿಂದ ಒಣಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಟೇಪಿನಿಂದ ಸುತ್ತಲೂ ಅಂಟಿಸಿ ಒಂದು ದಿನ ಬಿಡಿ. ಅದರ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ. ಆಯಿಲ್ ಪೇಂಟ್ ಆ ನೀರನ್ನು ಒಳಗೇ ಕಟ್ಟಿಹಾಕಿ ಮುಂದೆ ಪದರ ಪದರವಾಗಿ ಏಳುತ್ತದೆ. ನಮ್ಮ ಹಿರಿಯರ ಸುಣ್ಣ ಇದಕ್ಕಿಂತ ಎಷ್ಟೋ ಮೇಲು. ಅದು ತೇವವನ್ನು ಹೊರಬಿಡುತ್ತದೆ, ಅದರ ಕ್ಷಾರಗುಣ ಬೂಸ್ಟಿಗೆ ಆಗದು. ಇಲ್ಲಿನ ಅಂಗಡಿಯಲ್ಲಿ ‘ಚೂನಾ’ ಎಂದು ಕೇಳಿದರೆ ಅಗ್ಗಕ್ಕೆ ಸಿಗುತ್ತದೆ.

ಬೂಸ್ಟು ಗೋಡೆಯ ಬುಡದಲ್ಲೇ ಮರಳಿ ಬಂದರೆ ನೆಲದಿಂದ ನೀರು ಏರುತ್ತಿದೆ, ಮಾಡಿನಲ್ಲಿ ಬಂದರೆ ಟೆರೇಸ್ ಸೋರುತ್ತಿದೆ, ಕಪಾಟಿನ ಹಿಂದೆ ಬಂದರೆ ಗಾಳಿಯಾಡುತ್ತಿಲ್ಲ. ಮೊದಲೆರಡಕ್ಕೆ ಮನೆ ಮಾಲಕರನ್ನೇ ಕೇಳಬೇಕು. ಮೂರನೆಯದು ನಮ್ಮ ಕೈಯಲ್ಲೇ ಇದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿದರಾಯಿತು. ಮಳೆ ಬಿಟ್ಟಾಗ ಕಿಟಕಿ ತೆರೆದು, ಸುರಿಯುವಾಗ ಮುಚ್ಚಿ ಫ್ಯಾನ್ ಹಾಕಿ. ಚೌತಿಗೆ ಮನೆ ಬೀಗ ಹಾಕಿ ಊರಿಗೆ ಹೋಗುವವರು ನೆರೆಯವರಿಗೆ ಕೀಲಿಕೈ ಕೊಟ್ಟು ಆಗಾಗ ಗಾಳಿಯಾಡಿಸಲು ಹೇಳಿ.

ಊರಿನಲ್ಲಿ ಆಟಿ ಕಳೆದು ಸೋಣದ ಬಿಸಿಲು ಬಿದ್ದೊಡನೆ ಅಜ್ಜಿ ಪೆಟ್ಟಿಗೆಯ ಸೀರೆಯಿಂದ ಹಪ್ಪಳದವರೆಗೆ ಎಲ್ಲವನ್ನೂ ಅಂಗಳಕ್ಕೆ ತರುತ್ತಿದ್ದರು. ಇಲ್ಲಿ ಅಂಗಳವಿಲ್ಲ, ಟೆರೇಸ್ ಇದೆ. ನಮ್ಮ ಸಂಘ-ಸಂಸ್ಥೆಗಳು ನೆರೆ ಬಂದಾಗ ಅಕ್ಕಿ, ಕಂಬಳಿ ಹಂಚುವುದರಲ್ಲಿ ಹಿಂದೆ ಬಿದ್ದಿಲ್ಲ. ಅದರ ಜತೆ ನಾಲ್ಕು ದೊಡ್ಡ ಫ್ಯಾನು, ಒಂದಿಷ್ಟು ಮಾಸ್ಕ್, ಒಂದು ಮೂಟೆ ಸುಣ್ಣ ಸಂಘದಲ್ಲಿಟ್ಟರೆ, ಮನೆಯಿಂದ ಮನೆಗೆ ಸಾಗಿಸಿ ಬಳಸಬಹುದು. ಒಬ್ಬರೇ ದುಡಿಯುವ ಮನೆಗಳಿಗೆ, ಪುಟ್ಟ ಮಕ್ಕಳಿರುವ ಮನೆಗಳಿಗೆ ಅದು ದೊಡ್ಡ ಆಸರೆಯಾದೀತು.